ಮುರುಗೇಂದ್ರಪ್ಪನ ಬ್ರಷ್ಷೂ ಹೇಳಬಾರದ ಹರಕೆಯೂ

ಮುರುಗೇಂದ್ರಪ್ಪನ ಶೇವಿಂಗ್ ಬ್ರಷ್ಷು ಕೂದಲು ಉದುರಿಸಲು ಶುರು ಮಾಡಿ ಆ ಮಂಗಳವಾರಕ್ಕೆ ಇಪ್ಪತ್ತು ದಿನವಾಗಿತ್ತು. ಮೊದಮೊದಲು ದಿನಕ್ಕೆ ಎರಡೋ ಮೂರೋ ಬೀಳುತ್ತಿದ್ದವು. ಹೊಸ ಬ್ರಷ್ಷು, ಶುರುವಿನಲ್ಲಿ ಹಾಗೇ, ಆಮೇಲೆ ತಾನಾಗಿ ನಿಲ್ಲುತ್ತದೆ ಎಂದು ಅವನು ಸಮಾಧಾನ ಮಾಡಿಕೊಂಡ. ಬ್ರಷ್ಷು ಸಮಾಧಾನ ಮಾಡಿಕೊಳ್ಳಲಿಲ್ಲ. ಎರಡನೇ ವಾರಕ್ಕೆ ನೊರೆಗಿಂತ ಕೂದಲೇ ಹೆಚ್ಚಾಗಿ ಕೆನ್ನೆಗೆ ಬರತೊಡಗಿತು. ಒಂದು ದಿನ ನೀಟಾಗಿ ಗಡ್ಡ ಹೆರೆದು ತಾನು ಕೆಲಸ ಮಾಡುವ ನೂಲಿನ ಡಿಪೋಗೆ ಹೋಗಿ ಕೂತಿದ್ದಾನೆ, ನೂಲು ತೂಗಿಸಿಕೊಳ್ಳಲು ಬಂದ ನೇಕಾರನೊಬ್ಬ ಮಾತಿನ ನಡುವೆಯೇ ಕೈ ಚಾಚಿ ಅವನ ಗಲ್ಲದ ಮೇಲಿಂದ ಉದ್ದನೆಯ ಕೂದಲೊಂದನ್ನು ಎತ್ತಿ, "ಇದೊಂದು ಉಳಿದಿತ್ತು ನೋಡ್ರಿ" ಎಂದು ಬೆಳಕಿಗೆ ಹಿಡಿದು ತೋರಿಸಿದ. ಹುಟ್ಟಿದಾಗಿನಿಂದ ರೇಷ್ಮೆ ಎಳೆ ನೋಡಿ ಪಳಗಿದ ಕಣ್ಣುಗಳ ಮುಂದೆ ಏನನ್ನು ತಾನೇ ಮುಚ್ಚಿಡಲು ಆಗುತ್ತದೆ?

ಎಸೆದು ಇನ್ನೊಂದು ತಂದರೆ ಮುಗಿಯಿತಲ್ಲ ಎನ್ನುತ್ತೀರಿ. ಅವನಿಗೂ ಹಾಗೆ ಹೇಳಿದವರು ಬೇಕಾದಷ್ಟು ಮಂದಿ. ಆದರೆ ಆ ಕೆಂಪು ಹಿಡಿಯ ಬ್ರಷ್ಷನ್ನು ಚಳ್ಳಕೆರೆಯ ಸಂತೆಯಲ್ಲಿ ತಾನೇ ಆರಿಸಿ ತಂದುಕೊಟ್ಟವಳು ಎಂಟನೇ ಕ್ಲಾಸಿನ ಮಗಳು ರೂಪ. "ದಿನಾ ಬೆಳಿಗ್ಗೆ ಇದನ್ನ ಹಿಡ್ಕೊಂಡಾಗ ನನ್ ನೆನಪಾಗ್ಬೇಕು ನೋಡಪ್ಪ" ಎಂದಿದ್ದಳು. ನೆನಪಿಗೇನೂ ಕೊರತೆಯಾಗಲಿಲ್ಲ. ಚೊಂಬಿನ ನೀರಿನಿಂದ ಒಂದೊಂದೇ ಕೂದಲು ಎತ್ತಿ ಹಾಕುವಾಗ ಬೇಕಾದಷ್ಟು ನೆನಪಾಗುತ್ತಿತ್ತು. ಭಾನುವಾರ ಊರಿಗೆ ಹೋದರೆ ಅವಳದು ಅದೇ ಮೊದಲ ಪ್ರಶ್ನೆ.

"ಬ್ರಷ್ ಹೆಂಗೈತಪ್ಪ?"

"ಭಾಳ ಚೆನ್ನಾಗೈತೆ ಕಣಮ್ಮ. ಇಂಥದ್ದು ಸಿಗಲ್ಲ."

ಇಷ್ಟು ಹೇಳಿದ ಮೇಲೆ ಇನ್ನೊಂದು ಬ್ರಷ್ಷು ಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಅಪ್ಪಂದಿರಲ್ಲಿ ಇಂಥ ಒಂದು ಜಾತಿ ಇದೆ. ಮಕ್ಕಳಿಗೆ ನಿಜ ಹೇಳಿ ನೋಯಿಸುವುದಕ್ಕಿಂತ ತಮ್ಮ ಕೆನ್ನೆ ತಾವೇ ಕೆಡಿಸಿಕೊಳ್ಳುತ್ತಾರೆ.

ಮುರುಗೇಂದ್ರಪ್ಪ ಮೊಳಕಾಲ್ಮೂರಿನಲ್ಲಿ ನೇಕಾರರ ಸಂಘವೊಂದರ ನೂಲಿನ ಡಿಪೋದ ಗುಮಾಸ್ತ. ಹೆಂಡತಿ, ಮಗಳು, ಸ್ವಂತ ಮನೆ ಎಲ್ಲ ಚಳ್ಳಕೆರೆಯಲ್ಲಿ. ಡಿಪೋ ಬೆಳಿಗ್ಗೆ ಏಳಕ್ಕೇ ತೆರೆಯಬೇಕು, ಆ ಹೊತ್ತಿಗೆ ಚಳ್ಳಕೆರೆಯಿಂದ ಬಂದು ಸೇರಿಸುವ ಬಸ್ಸಿಲ್ಲ. ಹೀಗಾಗಿ ಯರ್ರಪ್ಪನೆಂಬ ನೇಕಾರನ ಮನೆಯ ಮುಂದಿನ ಕೋಣೆ ಹಿಡಿದು ಆರು ವರ್ಷದಿಂದ ಒಂಟಿಯಾಗಿದ್ದ. ವಾರಕ್ಕೊಂದು ಭಾನುವಾರ ಊರು. ಐದು ವರ್ಷ ಹಾಗೇ ಕಳೆದುಹೋಗಿದ್ದವು, ಅವನಿಗೂ ರೂಢಿಯಾಗಿತ್ತು. ಆದರೆ ಒಂಬತ್ತು ತಿಂಗಳ ಹಿಂದೆ ಒಂದು ಭಾನುವಾರ ರೂಪ ಅವನಿಗೆ ಕಾಫಿ ತಂದಳು. ಅಂಚಿಗೆ ಹೂಬಳ್ಳಿ ಕೊರೆದಿದ್ದ, ಮನೆಗೆ ಬಂದ ನೆಂಟರಿಗೆಂದೇ ಎತ್ತಿಟ್ಟಿದ್ದ ಲೋಟದಲ್ಲಿ ತಂದಳು. ಅವಳು ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಆ ಲೋಟಕ್ಕೆ ಹೋಗಿತ್ತು. ಮುರುಗೇಂದ್ರಪ್ಪ ಲೋಟವನ್ನೊಮ್ಮೆ ತಿರುಗಿಸಿ ನೋಡಿ ಕುಡಿದ. ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಇನ್ನೆರಡು ವರ್ಷ ಹೀಗೇ ಆದರೆ ಅವಳು ತನಗೆ ಹೋಗಿ ಬನ್ನಿ ಎಂದು ಬಹುವಚನ ಹಚ್ಚುತ್ತಾಳೆ ಅನಿಸಿತು.

ಅದೃಷ್ಟಕ್ಕೆ ಸಂಘದ ಚಳ್ಳಕೆರೆ ಸೀರೆ ಮಳಿಗೆಯ ಗುಮಾಸ್ತರು ನಿವೃತ್ತರಾಗಿ ಜಾಗ ಖಾಲಿ ಬಿದ್ದಿತ್ತು. ಮುರುಗೇಂದ್ರಪ್ಪನ ವರ್ಗಾವಣೆ ಅರ್ಜಿ ಎಂಟು ತಿಂಗಳಿಂದ ಕಾರ್ಯದರ್ಶಿ ಬೊಮ್ಮಲಿಂಗಪ್ಪನವರ ಮೇಜಿನ ಮೇಲಿತ್ತು. ಅಷ್ಟರಲ್ಲಿ ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಹೋಗುವ ದಿನ, "ಬದುಕಿ ಬಂದ್ರೆ ಮೊದಲ್ನೇ ಸಹಿ ನಿಮ್ಮದಕ್ಕೇ ಕಣ್ರಿ" ಎಂದಿದ್ದರು. ಬದುಕಿದರು. ಒಂದು ತಿಂಗಳ ನಂತರ ಇದೇ ಮಂಗಳವಾರ ಕೆಲಸಕ್ಕೆ ಮರಳುವವರಿದ್ದರು.

ಬೊಮ್ಮಲಿಂಗಪ್ಪ ಒಳ್ಳೆಯವರು. ಆದರೆ ಗಡ್ಡದ ವಿಷಯದಲ್ಲಿ ಭಾಳ ಖಡಕ್ಕು. ಸಂಘದ ನೌಕರನೆಂದರೆ ಮುಖ ಕನ್ನಡಿ ಹಾಗಿರಬೇಕು ಎನ್ನುವವರು. ಹಿಂದೊಮ್ಮೆ ತೂಕದ ರಾಜಣ್ಣ ಮೂರು ದಿನದ ಗಡ್ಡದಲ್ಲಿ ಬಂದಾಗ ಬಾಗಿಲಿನಿಂದಲೇ ಕ್ಷೌರದಂಗಡಿಗೆ ಓಡಿಸಿದ್ದರು. ಆದ್ದರಿಂದ ಆ ದಿನ ಮುರುಗೇಂದ್ರಪ್ಪನಿಗೆ ಬೇರೆ ಏನಿಲ್ಲದಿದ್ದರೂ ನುಣ್ಣನೆಯ ಮುಖವೊಂದು ಬೇಕೇ ಬೇಕಿತ್ತು.

ಅದಕ್ಕಾಗಿ ಅವನು ಮೂರು ದಿನ ಮೊದಲೇ ಏರ್ಪಾಡು ಮಾಡಿದ್ದ. ಶನಿವಾರ ಬ್ರಷ್ಷನ್ನು ಯರ್ರಪ್ಪನಿಗೆ ತೋರಿಸಿದ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಮಗ್ಗದ ಮುಂದೆ ಎರಡೂ ಆಡುವ ಮುದುಕ ಅವನು. ಕನ್ನಡಕ ಏರಿಸಿ ನೋಡಿ, "ಬುಡ ಸಡಿಲ ಆಗೈತಯ್ಯಾ" ಎಂದು ರೇಷ್ಮೆ ದಾರದಿಂದ ಕೂದಲಿನ ಬುಡಕ್ಕೆ ಇಪ್ಪತ್ತು ಸುತ್ತು ಬಿಗಿದ. ಮನಸ್ಸು ತಡೆಯದೆ ಕೊನೆಗೆ ಎರಡು ಸುತ್ತು ಜರಿಯನ್ನೂ ಹಾಕಿದ. "ಇಂಕ ಪೋದು! ಇನ್ನು ಹೋಗಾಕಿಲ್ಲ, ಬರೆದಿಟ್ಟುಕೋ" ಎಂದ. ಬ್ರಷ್ಷು ಮದುವಣಗಿತ್ತಿಯಂತೆ ಕಂಡಿತು. ಕೊಡವಿ ನೋಡಿದರೆ ಮತ್ತೆ ಆರು ಕೂದಲು ಉದುರಿದವು.

ಡಿಪೋದಲ್ಲಿ ಕಾರ್ಯದರ್ಶಿಗಳು ಬರುವ ಮುಂಚೆ ದಾಸ್ತಾನು ತೂಗಿ ಇಡಬೇಕಿದ್ದುದರಿಂದ ಆ ಭಾನುವಾರ ಅವನು ಊರಿಗೆ ಹೋಗಿರಲಿಲ್ಲ. ಮಧ್ಯಾಹ್ನ ಬಿಡುವಾದಾಗ ಬಸ್ ನಿಲ್ದಾಣದ ಪಕ್ಕದ ನಬೀ ಸಾಬರ ಸೈಕಲ್ ಷಾಪಿಗೆ ಬ್ರಷ್ಷನ್ನು ಒಯ್ದ. ನಬೀ ಸಾಬರು ಎದೆಯವರೆಗಿನ ಬಿಳಿ ಗಡ್ಡ ನೀವಿಕೊಳ್ಳುತ್ತ ನಕ್ಕರು.

"ಅರೆ ಗುಮಾಸ್ತ್ ಸಾಬ್, ನನ್ ಹತ್ರ ಬ್ರಷ್ ತರ್ತೀರಾ? ನಾನು ಬ್ರಷ್ ಮುಟ್ಟಿ ಮೂವತ್ತು ವರ್ಷ ಆಯ್ತು."

"ಅಂಟಿಸೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಸಾಬ್ರೇ?"

ಹೊಗಳಿಕೆಗೆ ಕರಗದವರು ಯಾರಿದ್ದಾರೆ? ನಬೀ ಸಾಬರು ಪಂಕ್ಚರ್ ಹಾಕುವ ಸಲ್ಯೂಷನ್ನಿನ ಟ್ಯೂಬು ತೆಗೆದು ಬ್ರಷ್ಷಿನ ಬುಡಕ್ಕೆ ಧಾರಾಳವಾಗಿ ಸುರಿದರು. "ಎರಡು ದಿನ ಮುಟ್ಬೇಡಿ. ಮಂಗಳವಾರ ಬೆಳಗಿನ ನಮಾಜ್ ಆದ್ಮೇಲೆ ಎಬ್ಸಿ. ನಮ್ ಸಲ್ಯೂಷನ್ ಹಿಡಿದ ಕೂದ್ಲು ಬಿಟ್ರೆ ನನ್ ಗಡ್ಡ ತೆಗೀತೀನಿ" ಎಂದರು. ಮುರುಗೇಂದ್ರಪ್ಪ ಗುರುವಾರ ಹೆರೆದವನು ಆಮೇಲೆ ಗಡ್ಡಕ್ಕೆ ಕೈ ಹಚ್ಚಲಿಲ್ಲ.

ಮಂಗಳವಾರ ಐದೂವರೆಗೆ ಎದ್ದ. ಚೊಂಬಿನಲ್ಲಿ ಬಿಸಿನೀರು, ಗೋಡೆಯ ಮೊಳೆಗೆ ಕನ್ನಡಿ. ಬ್ರಷ್ಷನ್ನು ಎಳೆದು ನೋಡಿದ. ಒಂದೇ ಒಂದು ಕೂದಲು ಬರಲಿಲ್ಲ! ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಬೀ ಸಾಬರ ಕೈ ಚಿನ್ನದ ಕೈ ಎಂದುಕೊಂಡು ಬ್ರಷ್ಷನ್ನು ಬಿಸಿನೀರಿಗೆ ಅದ್ದಿ, ಸೋಪಿಗೆ ತಿಕ್ಕಿ, ಕೆನ್ನೆಗೆ ಒತ್ತಿ ಒಂದು ಸುತ್ತು ತಿರುಗಿಸಿದ. ಕೈ ಸುತ್ತಿತು, ಹಿಡಿಯೂ ಸುತ್ತಿತು. ಕೂದಲು ಮಾತ್ರ ಕೆನ್ನೆಯ ಮೇಲೇ ನಿಂತಿತ್ತು. ಇಷ್ಟು ದಿನ ಒಂದೊಂದಾಗಿ ಹೋಗುತ್ತಿದ್ದವು, ಯರ್ರಪ್ಪ ಕಟ್ಟಿ, ನಬೀ ಸಾಬರು ಅಂಟಿಸಿ ಒಗ್ಗಟ್ಟು ಕಲಿಸಿದ ಮೇಲೆ ಎಲ್ಲ ಸೇರಿ ಒಂದೇ ಸಲ ಹಿಡಿಯಿಂದ ಹೊರಗೆ ಬಂದಿದ್ದವು.

ಗಾಬರಿಯಲ್ಲಿ ಕೆನ್ನೆ ಒದರಿದ. ಜರಿ ಸುತ್ತಿದ ಕೂದಲಿನ ಗೊಂಚಲು ಅಂಗಳಕ್ಕೆ ಬಿತ್ತು. ಪಕ್ಕದ ಮನೆಯ ಕೋಳಿಯೊಂದು ಅದೇನೋ ಹೊಸ ಜಾತಿಯ ಕಂಬಳಿಹುಳ ಎಂದುಕೊಂಡು ಕಚ್ಚಿಕೊಂಡು ಓಡಿತು. ಅರ್ಧ ಕೆನ್ನೆಗೆ ನೊರೆ, ಹೆಗಲ ಮೇಲೆ ಟವಲು, ಕೈಯಲ್ಲಿ ಬರೀ ಹಿಡಿ, ಮುರುಗೇಂದ್ರಪ್ಪ ಅದರ ಹಿಂದೆ ಓಡಿದ. ಕೋಳಿ ಯರ್ರಪ್ಪನ ಮನೆಯೊಳಗೆ ನುಗ್ಗಿ ಮಗ್ಗದ ಕುಣಿಗೆ ಇಳಿಯಿತು.

"ಅಯ್ಯಯ್ಯೋ, ಹಾಸಿನ ಎಳೆ ತುಳೀತೈತೆ! ಮದುವೆ ಸೀರೆ ಕಣಯ್ಯಾ ಅದು!" ಯರ್ರಪ್ಪ ಕೂಗಿಕೊಂಡ. "ಏಮಯ್ಯಾ, ಬೆಳಬೆಳಿಗ್ಗೆ ಕೋಳಿ ಹಿಡಿಯಾಕೆ ಬಂದೀಯಾ? ಲಿಂಗ ಕಟ್ಟಿದೋನು ನೀನು!"

"ಕೋಳಿ ಬ್ಯಾಡ ಯರ್ರಪ್ಪ, ಅದರ ಬಾಯಾಗಿಂದು ಬೇಕು!"

ಅಷ್ಟರಲ್ಲಿ ಓಣಿಯ ನಾಲ್ಕು ಮನೆಯವರು ಬಾಗಿಲಿಗೆ ಬಂದಿದ್ದರು. ಕೋಳಿಯನ್ನು ಓಡಿಸುವುದರಲ್ಲಿ ಎಲ್ಲರೂ ಕೈ ಹಾಕಿದರು, ಹಿಡಿಯುವುದರಲ್ಲಿ ಯಾರೂ ಹಾಕಲಿಲ್ಲ. ಅದು ಹಿತ್ತಲಿನ ಬೇಲಿ ಹಾರಿ ಹೋಯಿತು. ಕೂದಲೂ ಅದರ ಜತೆ ಹೋಯಿತು.

ಇನ್ನುಳಿದದ್ದು ಬೆರಳು. ಬೆರಳಿನಲ್ಲೇ ಸೋಪು ಹಚ್ಚಿ ತಿಕ್ಕಿದ. ಮೊಳಕಾಲ್ಮೂರಿನ ಆ ಓಣಿಯ ಬೋರಿನ ಗಡಸು ನೀರಿಗೆ ಬ್ರಷ್ಷಿಲ್ಲದೆ ನೊರೆ ಬಾ ಎಂದರೆ ಎಲ್ಲಿಂದ ಬರಬೇಕು? ಸುಣ್ಣದ ನೀರು ಬಳಿದ ಹಾಗಾಯಿತು. ಒಣ ಮುಖಕ್ಕೇ ಬ್ಲೇಡು ಇಟ್ಟು ಒಂದು ಎಳೆತ ಎಳೆದ, ರಕ್ತ ಕಂಡು ಕೈಬಿಟ್ಟ. ಕ್ಷೌರದಂಗಡಿಗೆ ಹೋಗೋಣವೆಂದರೆ ಮಂಗಳವಾರ, ಊರಿನ ಯಾವ ಕ್ಷೌರದಂಗಡಿಯೂ ತೆರೆಯುವುದಿಲ್ಲ. ಫ್ಯಾನ್ಸಿ ಸ್ಟೋರು ತೆರೆಯುವುದು ಹತ್ತಕ್ಕೆ. ಇನ್ನೊಬ್ಬರ ಬ್ರಷ್ಷು ಕೇಳುವುದಂತೂ ಇನ್ನೊಬ್ಬರ ಒಳಉಡುಪು ಕೇಳಿದ ಹಾಗೆ. ಹಿಡಿಯನ್ನು ಜೇಬಿಗೆ ಹಾಕಿಕೊಂಡು ಹೊರಟ. ದಾರಿಯಲ್ಲಿ ಸೈಕಲ್ ಷಾಪಿನ ಮುಂದೆ ನಿಂತು ಅದನ್ನು ನಬೀ ಸಾಬರಿಗೆ ತೋರಿಸಿದ.

"ಕೂದ್ಲು ಒಂದಾದ್ರೂ ಬಿಟ್ಟಿತ್ತಾ?" ನಬೀ ಸಾಬರು ಕೇಳಿದರು.

"ಇಲ್ಲ. ಎಲ್ಲಾ ಸೇರಿ ಹೋದ್ವು."

"ಹಂಗಾದ್ರೆ ನಮ್ ಕೆಲ್ಸ ಪಕ್ಕಾ. ಹಿಡಿ ಕೈಕೊಟ್ರೆ ನಾನೇನ್ ಮಾಡ್ಲಿ ಸಾಬ್?" ಎಂದು ಅವರು ನಿರಾಳವಾಗಿ ಗಡ್ಡ ನೀವಿಕೊಂಡರು.

ಡಿಪೋದಲ್ಲಿ ಟೈಪಿಸ್ಟ್ ಜಗದಾಂಬ ಆಗಲೇ ಬಂದಿದ್ದರು. ಹಣೆಯ ತುಂಬ ವಿಭೂತಿ, ಮೇಜಿನ ತುಂಬ ದೇವರ ಪಟಗಳು. ಕಾರ್ಯದರ್ಶಿಗಳು ಹಿಂದಿನ ದಿನವೇ ಫೋನು ಮಾಡಿ ವರ್ಗಾವಣೆ ಆದೇಶ ಟೈಪ್ ಮಾಡಿಡಲು ಹೇಳಿದ್ದರಂತೆ. ಮುರುಗೇಂದ್ರಪ್ಪ ಒಳಗೆ ಇಣುಕಿದ. ಸಾಹೇಬರ ಮೇಜಿನ ಮೇಲೆ ಕಾಗದ ಸಿದ್ಧವಾಗಿತ್ತು. ಅವನ ಹೆಸರು, ಚಳ್ಳಕೆರೆ, ಕೆಳಗೆ ಸಹಿಗೆ ಖಾಲಿ ಜಾಗ. ಇದೇ ಮುಖ ಹೊತ್ತು ಅವರ ಮುಂದೆ ನಿಲ್ಲಬೇಕಲ್ಲ ಎಂದು ಜೀವ ಹಿಡಿಯಷ್ಟಾಯಿತು.

ತಕ್ಕಡಿ ಒರೆಸುತ್ತಿದ್ದ ರಾಜಣ್ಣ ತಲೆ ಎತ್ತಿದ. ಕೊಂಡ್ಲಹಳ್ಳಿಯಿಂದ ದಿನಾ ಬಂದು ಹೋಗುವ ಹುಡುಗ, ಮದುವೆ ಗೊತ್ತಾಗಿತ್ತು. ಒಳ್ಳೆಯ ಮನಸ್ಸು, ಸುಮ್ಮನಿರದ ಬಾಯಿ.

"ಸಾ, ಏನ್ರಿ ಇದು ಗಡ್ಡ! ಐದ್ ದಿನದ್ದು ಐತಲ್ರೀ!"

"ಬ್ರಷ್ಷು ಕೆಟ್ಟೋಯ್ತೋ ಮಾರಾಯ. ಕೂದ್ಲು ಉದುರ್ತಿತ್ತು."

ರಾಜಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. ಮುಖದಲ್ಲಿ ಏನೋ ಹೊಳೆದಂತಾಯಿತು. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ದನಿ ತಗ್ಗಿಸಿದ. "ಸಾ, ಗುರುವಾರ ಅಲ್ವಾ ಸಾಹೇಬ್ರಿಗೆ ಮತ್ತೆ ಜ್ವರ ಬಂದೈತೆ, ಹೊಲಿಗೆ ಕೀವಾಗೈತೆ ಅಂತ ಸುದ್ದಿ ಬಂದಿದ್ದು?"

"ಹೂಂ, ಬಂದಿತ್ತು."

"ಅವತ್ತಿಂದ ನೀವು ಗಡ್ಡ ತೆಗ್ದಿಲ್ಲ."

"ಅಲ್ಲೋ, ಬ್ರಷ್ಷು…"

"ಜಗದಾಂಬಕ್ಕಾ!" ರಾಜಣ್ಣನ ಕಣ್ಣು ಒದ್ದೆಯಾಗಿಬಿಟ್ಟಿತ್ತು. "ಇವ್ರು ಸಾಹೇಬ್ರಿಗೆ ಅಂತ ಬೆಟ್ಟದ ಜಟಿಂಗ ರಾಮೇಶ್ವರಂಗೆ ಗಡ್ಡದ ಹರಕೆ ಹೊತ್ತಾರೆ ಕಣ್ರಿ!"

ಜಗದಾಂಬ ಎದ್ದು ಬಂದರು. ಮುರುಗೇಂದ್ರಪ್ಪ ಎರಡೂ ಕೈ ಆಡಿಸಿದ. "ಅಯ್ಯೋ, ಹರಕೆನೂ ಇಲ್ಲ ಏನೂ ಇಲ್ಲ ಅಕ್ಕಾ. ಬ್ರಷ್ಷಿನ ಕೂದ್ಲು ಕೋಳಿ ತಗೊಂಡ್ ಹೋಯ್ತು."

"ಸುಮ್ನಿರ್ರಿ" ಎಂದರು ಜಗದಾಂಬ ಮೃದುವಾಗಿ. "ನನಗೆ ಗೊತ್ತಾಗಲ್ವಾ? ಹರಕೆ ಹೊತ್ತೋರು ಬಾಯಿ ಬಿಟ್ಟು ಹೇಳ್ಬಾರ್ದು. ಹೇಳಿದ್ರೆ ಫಲ ಹೋಗ್ತೈತೆ. ನಮ್ಮಪ್ಪನೂ ಹಿಂಗೇ, ಕೇಳಿದ್ರೆ ಕತ್ತಿ ಮೊಂಡಾಗೈತೆ ಅನ್ನೋರು. ಕೋಳಿ ತಗೊಂಡ್ ಹೋಯ್ತಂತೆ! ಸುಳ್ಳು ಹೇಳಕ್ಕೂ ಬರಲ್ಲ ಪಾಪ."

ಇಂಥ ತರ್ಕಕ್ಕೆ ಏನು ಉತ್ತರ ಕೊಡುತ್ತೀರಿ? ಹೌದು ಎಂದರೆ ಹೌದು, ಅಲ್ಲ ಎಂದರೆ ಇನ್ನೂ ಗಟ್ಟಿಯಾಗಿ ಹೌದು. ನೂಲಿಗೆ ಬಂದಿದ್ದ ನೇಕಾರರಿಗೂ ಸುದ್ದಿ ಹೋಯಿತು. ಒಬ್ಬ ಬಂದು ಕಾಲು ಮುಟ್ಟಿದ. ಮುರುಗೇಂದ್ರಪ್ಪ ಬ್ರಷ್ಷಿನ ಕತೆಯನ್ನು ನಾಲ್ಕು ಸಲ ಹೇಳಿದ, ಹೇಳಿದಷ್ಟೂ ಅವರ ಭಕ್ತಿ ಹೆಚ್ಚಾಯಿತು.

ಒಂಬತ್ತಕ್ಕೆ ಬೊಮ್ಮಲಿಂಗಪ್ಪನವರು ಬಂದರು. ಮೈ ಇಳಿದು ಹೋಗಿತ್ತು. ಅಂಗಿ ಕೊರಳಲ್ಲಿ ಜೋತಾಡುತ್ತಿತ್ತು, ಮುಖ ಮಾತ್ರ ಎಂದಿನಂತೆ ನುಣ್ಣಗಿತ್ತು. ಎಲ್ಲರಿಗೂ ಕೈ ಮುಗಿದು ಕುರ್ಚಿಯಲ್ಲಿ ಕೂತು, ಆದೇಶದ ಕಾಗದ ಎಳೆದುಕೊಂಡು, "ಕರೀರಿ ಮುರುಗೇಂದ್ರಪ್ಪನ್ನ" ಎಂದರು. ಅವನು ಒಳಗೆ ಹೋಗುತ್ತಲೇ ಅವರ ಹುಬ್ಬು ಗಂಟಾಯಿತು.

"ಏನ್ರಿ ಇದು ಅವತಾರ? ನಾನು ಇಲ್ದಿದ್ರೆ ಹಿಂಗಾ?"

ಮುರುಗೇಂದ್ರಪ್ಪ ಬಾಯಿ ತೆರೆಯುವಷ್ಟರಲ್ಲಿ ಜಗದಾಂಬರ ಜತೆ ಹಿಂದೆಯೇ ಬಂದಿದ್ದ ರಾಜಣ್ಣ ಎಲ್ಲ ಹೇಳಿಬಿಟ್ಟ. ಗುರುವಾರದ ಜ್ವರ, ಬೆಟ್ಟದ ರಾಮೇಶ್ವರ, ಐದು ದಿನದ ಗಡ್ಡ, ಒಪ್ಪಿಕೊಳ್ಳದ ಬಾಯಿ.

"ಶುಕ್ರವಾರ ಜ್ವರ ಬಿಡ್ತು" ಎಂದರು ಬೊಮ್ಮಲಿಂಗಪ್ಪ ನಿಧಾನವಾಗಿ. "ಡಾಕ್ಟ್ರಿಗೇ ಆಶ್ಚರ್ಯ ಆಯ್ತು." ಅವರು ಅವನನ್ನೇ ನೋಡಿದರು. "ನಿಜಾನೇನ್ರಿ?"

ಆಗ ಮುರುಗೇಂದ್ರಪ್ಪ ಒಂದು ತಪ್ಪು ಮಾಡಿದ. ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದ ನಿಜವನ್ನು ಐದನೇ ಸಲ ಹೇಳಲಿಲ್ಲ. ಮೇಜಿನ ಮೇಲೆ ಕಾಗದವಿತ್ತು, ಸಾಹೇಬರ ಕೈಯಲ್ಲಿ ಪೆನ್ನಿನ ಮುಚ್ಚಳ ತೆರೆದಿತ್ತು. ಸುಳ್ಳು ಹೇಳುವುದೇನೂ ಬೇಡ, ಸುಮ್ಮನಿದ್ದರೆ ಸಾಕು ಅನಿಸಿತು. ತಲೆ ತಗ್ಗಿಸಿ ಸುಮ್ಮನೆ ನಿಂತ. ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಆದರೂ ಬಾಯಿ ತೆರೆಯಲಿಲ್ಲ. ಚಳ್ಳಕೆರೆಯಲ್ಲಿ ಮಗಳು ಸ್ಕೂಲಿಗೆ ಹೊರಡುವ ಹೊತ್ತು ಅದು, ನಾಳೆಯಿಂದ ತಾನೇ ಬಾಗಿಲಲ್ಲಿ ನಿಂತು ಕಳಿಸಬಹುದು ಎಂದು ಆಸೆಪಟ್ಟ.

ಬೊಮ್ಮಲಿಂಗಪ್ಪನವರ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಪೆನ್ನನ್ನು ಸಹಿಯ ಜಾಗಕ್ಕೆ ತಂದರು. ತುದಿ ಕಾಗದಕ್ಕೆ ತಾಗಿತು.

"ಆಸ್ಪತ್ರೇಲಿ ಮಲಗಿದ್ದಾಗ ನನ್ ಇಬ್ರು ಗಂಡ್ ಮಕ್ಳು ಒಂದ್ ದಿನ ಬಂದು ಹಣ್ಣಿಟ್ಟು ಹೋದ್ರು. ಒಂದೇ ದಿನ" ಎಂದರು ಅವರು. "ನಾನು ಸತ್ರೆ ಯಾರಿಗೇನು ಅಂತ ಗೋಡೆ ನೋಡ್ತಾ ಮಲಗಿದ್ದೆ. ಇಲ್ಲಿ ಒಬ್ಬ ನನಗೋಸ್ಕರ ಗಡ್ಡ ಬಿಟ್ಟು ಕೂತಿದ್ದ. ಇಂಥೋನನ್ನ ನಾನು ದೂರ ಕಳಿಸ್ತೀನಾ?"

ಪೆನ್ನು ಮುಚ್ಚಿ, ಕಾಗದವನ್ನು ಎರಡು ತುಂಡು ಮಾಡಿ, ಎರಡನ್ನು ನಾಲ್ಕು ಮಾಡಿ ಬುಟ್ಟಿಗೆ ಹಾಕಿದರು.

"ನನಗಿನ್ನೂ ಆರು ವರ್ಷ ಸರ್ವೀಸ್ ಐತೆ. ಅಷ್ಟೂ ದಿನ ನೀವು ನನ್ ಪಕ್ಕದಲ್ಲೇ. ಚಳ್ಳಕೆರೆಗೆ ಈ ರಾಜಣ್ಣ ಹೋಗ್ಲಿ. ಜಗದಾಂಬಮ್ಮ, ಇನ್ನೊಂದು ಆದೇಶ ಟೈಪ್ ಮಾಡ್ರಿ. ನಾಳೇನೇ ಹಾಜರಾಗ್ಲಿ."

"ಸಾ!" ಎಂದರು ಇಬ್ಬರೂ ಒಟ್ಟಿಗೆ. ರಾಜಣ್ಣನ ದನಿ ಒಡೆದಿತ್ತು. "ನನಗ್ಯಾಕ್ ಸಾ ಚಳ್ಳಕೆರೆ? ನಮ್ಮೂರು ಕೊಂಡ್ಲಹಳ್ಳಿ ಸಾ, ಮುಂದಿನ್ ತಿಂಗ್ಳು ಮದುವೆ ಸಾ!"

ಸಾಹೇಬರು ಅವನ ಕಡೆ ನೋಡಲೂ ಇಲ್ಲ. ಮುರುಗೇಂದ್ರಪ್ಪನಿಗೆ ಈಗ ನಾಚಿಕೆ, ಮಾನ ಯಾವುದೂ ಉಳಿಯಲಿಲ್ಲ. "ಸಾ, ಹರಕೆ ಅಲ್ಲ ಸಾ! ತಪ್ಪಾಯ್ತು, ಮೊದ್ಲೇ ಹೇಳ್ಬೇಕಿತ್ತು. ದೇವರಾಣೆ ನಾನು ನಿಮಗೋಸ್ಕರ ಏನೂ ಮಾಡಿಲ್ಲ. ಬ್ರಷ್ಷು ಸಾ, ಬ್ರಷ್ಷು! ನೋಡ್ರಿ ಬೇಕಾದ್ರೆ!" ಎಂದು ಜೇಬಿಗೆ ಕೈ ಹಾಕಿ ಆ ಬೋಳು ಕೆಂಪು ಹಿಡಿಯನ್ನು ಮೇಜಿನ ಮೇಲಿಟ್ಟ.

ಬೊಮ್ಮಲಿಂಗಪ್ಪ ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೂದಲಿದ್ದ ಗುಳಿಯಲ್ಲಿ ಬೆರಳಿಟ್ಟರು.

"ನೋಡಮ್ಮ ಜಗದಾಂಬ. ಮನಸ್ಸು ಜಾರಬಾರ್ದು ಅಂತ ಬ್ರಷ್ಷಿನ ಕೂದ್ಲನ್ನೂ ಬುಡಸಮೇತ ಕಿತ್ತು ಹಾಕ್ಯಾರೆ."

ಜಗದಾಂಬ ಸೆರಗಿನಲ್ಲಿ ಕಣ್ಣೊತ್ತಿಕೊಂಡರು.

"ಇನ್ನೊಂದು ಮಾತು" ಎಂದರು ಸಾಹೇಬರು. "ಹರಕೆ ನನ್ನ ಹೆಸರಲ್ಲಿ ಹೊತ್ತದ್ದು, ತೀರಿಸೋದೂ ನಾವಿಬ್ರೂ ಸೇರೇ ತೀರಿಸೋಣ. ಡಾಕ್ಟ್ರು ನಡೀರಿ ಅಂದಾರೆ. ಈ ವಾರದಿಂದ ಒಂಬತ್ತು ಭಾನುವಾರ ಬೆಟ್ಟ ಹತ್ತೋಣ. ನಿಧಾನಕ್ಕೆ ಹತ್ತೋಣ, ಅವಸರ ಏನೈತೆ? ಒಂಬತ್ತನೇ ವಾರ ಗಡ್ಡ ಕೊಟ್ಟು ಬರೋಣ. ಅಲ್ಲೀವರ್ಗೂ ಕತ್ತಿ ಮುಟ್ಟಿಸ್ಬೇಡಿ."

ಮುರುಗೇಂದ್ರಪ್ಪ ಹೊರಗೆ ಬಂದು ತನ್ನ ಮೇಜಿಗೆ ಕೂತ. ನೇಕಾರರಿಗೆ ನೂಲು ಬರೆದುಕೊಟ್ಟ, ಒಂದೆರಡು ಕಡೆ ತಪ್ಪು ಬರೆದ. ಸಾಹೇಬರನ್ನು ಬಯ್ಯೋಣವೆಂದರೆ ಅವರ ಅಳು ಕಣ್ಣಿಗೆ ಕಟ್ಟಿತ್ತು. ತನಗಾಗಿ ಒಬ್ಬರಾದರೂ ಏನಾದರೂ ಬಿಟ್ಟುಕೊಟ್ಟಿದ್ದಾರೆ ಎಂದು ನಂಬಲು ಆ ಮನುಷ್ಯ ಎಷ್ಟು ಹಸಿದಿದ್ದರು! ಅದು ಇವನಿಗೆ ಅರ್ಥವಾಗದ ಹಸಿವೇನಲ್ಲ. ಅದಕ್ಕೇ ಬಯ್ಯಲೂ ಆಗದೆ ಇಡೀ ಮಧ್ಯಾಹ್ನ ಒದ್ದಾಡಿದ.

ಸಂಜೆ ಆರರ ಚಳ್ಳಕೆರೆ ಬಸ್ಸಿಗೆ ರಾಜಣ್ಣ ಒಂದು ಬ್ಯಾಗು, ಒಂದು ಹಾಸಿಗೆ ಸುರುಳಿ ಹಿಡಿದು ನಿಂತಿದ್ದ. ಅತ್ತು ಅತ್ತು ಮೂಗು ಕೆಂಪಾಗಿತ್ತು. ಮುರುಗೇಂದ್ರಪ್ಪ ಬೀಳ್ಕೊಡಲು ಬಂದಿದ್ದ. ಆ ಬಸ್ಸು ಯಾವ ಊರಿಗೆ ಎಷ್ಟು ಹೊತ್ತಿಗೆ ಹೋಗುತ್ತದೆ, ಯಾವ ತಿರುವಿನಲ್ಲಿ ಇಳಿದರೆ ತನ್ನ ಮನೆ ಹತ್ತಿರ ಎಲ್ಲವನ್ನೂ ಅವನೇ ಹೇಳಿಕೊಟ್ಟ.

"ಸಾ, ನನಗೆ ಬಯ್ಕೋಬೇಡ್ರಿ" ಎಂದ ರಾಜಣ್ಣ ಕಿಟಕಿಯಿಂದ. "ನಿಮಗೆ ಒಳ್ಳೇದಾಗ್ಲಿ ಅಂತ ಹೇಳ್ದೆ."

"ಇಲ್ಲ ಬಿಡೋ."

"ಮನೇಲಿ ಏನಾರ ಹೇಳೋದೈತಾ?"

"ಒಂಬತ್ತು ವಾರ ಬರಕ್ಕಾಗಲ್ಲ ಅಂತ ಹೇಳು."

"ರೂಪ ಯಾಕೆ ಅಂತ ಕೇಳಿದ್ರೆ?"

ಬೆಳಿಗ್ಗೆಯಿಂದ ಡಿಪೋದಲ್ಲೆಲ್ಲ ಸಾರಿದರೂ ಯಾರೂ ನಂಬದ ಆ ನಿಜವನ್ನು ಕೇಳಿದ ತಕ್ಷಣ ನಂಬುವವಳು ಲೋಕದಲ್ಲಿ ಒಬ್ಬಳೇ ಇದ್ದಳು. ಅವಳಿಗೆ ಮಾತ್ರ ಅದನ್ನು ಹೇಳುವಂತಿರಲಿಲ್ಲ. ನೀನು ಕೊಟ್ಟದ್ದರಿಂದಲೇ ನಿಮ್ಮಪ್ಪ ಮನೆಗೆ ಬರುವುದು ತಪ್ಪಿತು ಎಂದು ಯಾವ ಬಾಯಲ್ಲಿ ಹೇಳಿ ಕಳಿಸುವುದು? ಡ್ರೈವರ್ ಹತ್ತಿ ಕೂತು ಹಾರನ್ ಹೊಡೆದ.

"ಹರಕೆ ಅಂತ ಹೇಳು" ಎಂದ ಮುರುಗೇಂದ್ರಪ್ಪ. "ಸಾಹೇಬ್ರಿಗೆ ಹುಷಾರಿರ್ಲಿಲ್ಲ, ಅದಕ್ಕೆ ನಾನು ಗಡ್ಡದ ಹರಕೆ ಹೊತ್ತೀನಿ. ಗುರುವಾರದಿಂದ. ಹಿಂಗೇ ಹೇಳು."

ಬಸ್ಸು ಅಲುಗಿತು. ರಾಜಣ್ಣ ಕಿಟಕಿಯ ಸರಳು ಹಿಡಿದು ಅವನನ್ನೇ ದಿಟ್ಟಿಸಿದ. ಅವನ ಮುಖದ ಬಣ್ಣ ಮೆಲ್ಲಗೆ ಇಳಿಯತೊಡಗಿತು.

"ಸಾ… ಹರಕೆ ಹೊತ್ತೋರು ಹಿಂಗೆ ಬಾಯಿ ಬಿಟ್ಟು ಹೇಳಲ್ವಲ್ರೀ?"

ಬಸ್ಸು ಮುಂದೆ ಸಾಗಿತು. ರಾಜಣ್ಣ ಅರ್ಧ ಮೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಕೂಗಿಕೊಂಡ:

"ಅಂದ್ರೆ ನಿಜವಾಗ್ಲೂ ಕೋಳಿ ತಗೊಂಡ್ ಹೋಯ್ತಾ ಸಾ?"